ಉಪಯೋಗವಿಲ್ಲದ ದೀಪ

ನಮ್ಮ ತವರುಮನೆಯ ನಡುಮನೆಯಲ್ಲಿ ಗೋಡೆಯೊಳಗೇ ಕೂರಿಸಿದ ಗಾಜಿನ ಬಾಗಿಲಿನ ಷೋಕೇಸೊಂದಿತ್ತು. ತಿಪಟೂರಿನಂಥ ಊರಿನಲ್ಲಿ ಎಪ್ಪತ್ತು ಎಂಬತ್ತರ ದಶಕದಲ್ಲಿ ಮನೆ ಕಟ್ಟಿಸಿದವರೆಲ್ಲರ ಮನೆಯಲ್ಲೂ ಅಂಥದೊಂದು ಇರುತ್ತಿತ್ತೆನ್ನಿ. ಅದರೊಳಗೆ ಏನೇನಿತ್ತೆಂದು ಈಗಲೂ ಕಣ್ಣು ಮುಚ್ಚಿ ಹೇಳಬಲ್ಲೆ. ಮೇಲಿನ ಹಲಗೆಯ ಮೇಲೆ ಚನ್ನಪಟ್ಟಣದ ರಾಜ-ರಾಣಿ. ಅದರ ಕೆಳಗೆ ಆಗ್ರಾಕ್ಕೆ ಹೋಗಿದ್ದ ಸೋದರಮಾವ ತಂದುಕೊಟ್ಟ ತಾಜಮಹಲು. ಅದರ ಹೊಟ್ಟೆಯೊಳಗೆ ಪುಟ್ಟ ಬಲ್ಬು. ಪಕ್ಕದಲ್ಲಿ ಒಂದು ಕಿವಿ ಮುರಿದ ವ್ಯೂ-ಮಾಸ್ಟರ್. ಇನ್ನೂ ಕೆಳಗೆ, ಮಕ್ಕಳ ಕೈಗೆ ಸಿಗಬಾರದೆಂದು ಮೂಲೆಗೆ ಸರಿಸಿಟ್ಟ ಒಂದು ಉದ್ದನೆಯ ಸೀಸೆ. ಅದರ ತುಂಬ ನೀಲಿ ನೀರು, ತಳದಲ್ಲಿ ಹೆಪ್ಪುಗಟ್ಟಿದ ಕೆಂಪು ಮೇಣ. ಇದು ನನ್ನ ತಮ್ಮ 1994ರಲ್ಲಿ ಅಮೆರಿಕದಿಂದ ತಂದ ಲಾವಾ ಲ್ಯಾಂಪು.

ಅದು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಅಮೆರಿಕಕ್ಕೆ ಹೋದ ಮೇಲೆ ತಮ್ಮ ಮೊದಲ ಸಲ ಊರಿಗೆ ಬಂದಿದ್ದ. ಸೂಟ್‌ಕೇಸು ಬಿಚ್ಚಿದಾಗ ಅಕ್ಕಪಕ್ಕದವರೂ ಸೇರಿದ್ದರು. ಅಪ್ಪನಿಗೆ ಷೇವಿಂಗ್ ಸೆಟ್ಟು, ನನಗೆ ಸೆಂಟು, ನನ್ನ ಮಕ್ಕಳಿಗೆ ಚಾಕೊಲೇಟು. ಕೊನೆಗೆ ಬನಿಯನ್ನು, ಟವೆಲುಗಳ ನಡುವೆ ಮಗುವನ್ನು ಸುತ್ತಿದ ಹಾಗೆ ಸುತ್ತಿಟ್ಟಿದ್ದ ಈ ಸೀಸೆಯನ್ನು ತೆಗೆದು, "ಅಮ್ಮಾ, ಇದು ನಿನಗೆ" ಎಂದ.

ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರಾಗಿದ್ದವರು. ಕನ್ನಡಕ ಏರಿಸಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಏನೋ ಇದು?" ಎಂದರು.

"ದೀಪ ಅಪ್ಪ."

"ಓದೋದಕ್ಕೆ ಬೆಳಕು ಬರುತ್ತೇನೋ?"

"ಇಲ್ಲ."

"ಮತ್ತೆ ಇದರಿಂದ ಏನು ಉಪಯೋಗ?"

ತಮ್ಮನ ಬಳಿ ಉತ್ತರವಿರಲಿಲ್ಲ. "ನೋಡೋಕೆ ಚೆನ್ನಾಗಿರುತ್ತೆ ಅಷ್ಟೆ" ಎಂದು ನಕ್ಕ. ಅಮ್ಮ ಸೆರಗಿನಿಂದ ಸೀಸೆಯನ್ನು ಒರೆಸುತ್ತ, "ಇರಲಿ ಬಿಡಿ, ಮಗು ತಂದಿದಾನೆ" ಎಂದರು.

ಆ ಸಂಜೆ ಮುಹೂರ್ತವಿಟ್ಟ ಹಾಗೆ ಎಲ್ಲರೂ ಕೂತೆವು. ಅಮೆರಿಕದ ಪ್ಲಗ್ಗಿಗೆ ಚಪ್ಪಟೆ ಕಡ್ಡಿಗಳು, ನಮ್ಮ ಗೋಡೆಯಲ್ಲಿ ದುಂಡು ತೂತುಗಳು. ಅದಕ್ಕೇನೋ ಒಂದು ಜೋಡಣೆ ಮಾಡಿ ತಮ್ಮ ಸ್ವಿಚ್ಚು ಹಾಕಿದ. ಠಪ್ ಎಂದಿತು. ಅಲ್ಲಿನ ಕರೆಂಟು ಸುಮಾರು 120 ವೋಲ್ಟು, ನಮ್ಮದು 230. ಇಂಜಿನಿಯರು ಅದನ್ನೇ ಮರೆತಿದ್ದ! ಬಲ್ಬು ಸುಟ್ಟುಹೋಯಿತು. ಅದರ ಬುಡವೋ ತಿರುಪಿನದು. ನಮ್ಮೂರಲ್ಲಿ ಸಿಗುವುದು ಎರಡು ಪಿನ್ನಿನ ಬಲ್ಬು ಮಾತ್ರ. ಹೀಗೆ ಒಂದು ಕ್ಷಣವೂ ಉರಿಯದೆ ದೀಪ ಷೋಕೇಸು ಸೇರಿತು. "ಉಪಯೋಗವಿಲ್ಲದ ದೀಪ" ಎಂದು ಅಪ್ಪ ಅದಕ್ಕೆ ಹೆಸರಿಟ್ಟರು. ಹೆಸರು ನಿಂತಿತು.

ಈ ದೀಪದ ಹುಟ್ಟಿನ ಕತೆ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ತಿಳಿದಾಗ ಮೊದಲು ನಗು ಬಂತು. ಏಕೆಂದರೆ ಇದು ಹುಟ್ಟಿದ್ದು ಅಡಿಗೆಮನೆಯ ಸಾಮಾನಿನಿಂದ. ಇಂಗ್ಲೆಂಡಿನಲ್ಲಿ ಎಡ್ವರ್ಡ್ ಕ್ರೇವನ್ ವಾಕರ್ ಎಂಬವನಿದ್ದ. 1918ರಲ್ಲಿ ಸಿಂಗಪುರದಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವನು. ಯುದ್ಧ ಮುಗಿದ ಮೇಲೆ ಒಮ್ಮೆ ಹಳ್ಳಿಯ ಪಾನಗೃಹವೊಂದಕ್ಕೆ ಹೋದಾಗ ಅಲ್ಲಿ ಮೊಟ್ಟೆ ಬೇಯಿಸಲು ಹೊತ್ತು ತಿಳಿಸುವ ಸಾಧನವೊಂದನ್ನು ಕಂಡನಂತೆ. ಮುಚ್ಚಿದ ಗಾಜಿನೊಳಗೆ ನೀರು ಮತ್ತು ಮೇಣ. ಮೊಟ್ಟೆಯ ಜೊತೆಗೇ ಅದನ್ನೂ ಕುದಿಯುವ ನೀರಿನಲ್ಲಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಮೇಣ ಕರಗಿ ಮೇಲೇಳುತ್ತಿತ್ತು. ಮೇಣ ಎದ್ದಿತೆಂದರೆ ಮೊಟ್ಟೆ ಬೆಂದಿತೆಂದು ಅರ್ಥ.

ಬೇರೆ ಯಾರಾದರೂ ಆಗಿದ್ದರೆ ಮೊಟ್ಟೆ ತಿಂದು ಎದ್ದುಹೋಗುತ್ತಿದ್ದರು. ವಾಕರ್ ಮೇಣವನ್ನೇ ನೋಡುತ್ತ ಕೂತ. ಆಮೇಲೆ ವರ್ಷಗಟ್ಟಲೆ ಅದೇ ಹುಚ್ಚು. ಕಿತ್ತಳೆ ಷರಬತ್ತಿನ ಸೀಸೆಯೊಳಗೆ ಬಗೆಬಗೆಯ ಮೇಣ, ಎಣ್ಣೆ, ನೀರು, ಬಣ್ಣ ಹಾಕಿ ಹದ ನೋಡಿದ. 1963ರಲ್ಲಿ ದಕ್ಷಿಣ ಇಂಗ್ಲೆಂಡಿನ ಪೂಲ್ ಎಂಬ ಊರಿನಲ್ಲಿ ಹೆಂಡತಿ ಕ್ರಿಸ್ಟೀನಳ ಜೊತೆಗೂಡಿ ಕಂಪನಿ ತೆರೆದು 'ಆಸ್ಟ್ರೋ' ಎಂಬ ದೀಪವನ್ನು ಮಾರುಕಟ್ಟೆಗೆ ತಂದ. ಮೊಟ್ಟೆಯ ಕೆಲಸ ಮಾಡುತ್ತಿದ್ದ ಸಾಧನದಿಂದ ಮೊಟ್ಟೆಯನ್ನು ತೆಗೆದುಬಿಟ್ಟ. ಉಳಿದದ್ದು ಈ ದೀಪ.

ಅದು ಕೆಲಸ ಮಾಡುವ ಬಗೆ ನಮ್ಮಂಥ ಅಡಿಗೆಯವರಿಗೆ ಹೊಸದಲ್ಲ. ಮಜ್ಜಿಗೆಯ ಮೇಲೆ ಬೆಣ್ಣೆ ತೇಲುವುದು ಅದು ಹಗುರವಾದ್ದರಿಂದ. ಈ ಸೀಸೆಯೊಳಗಿನ ಮೇಣ ತಣ್ಣಗಿದ್ದಾಗ ಸುತ್ತಲ ನೀರಿಗಿಂತ ಒಂದು ಗುಲಗಂಜಿಯಷ್ಟು ಭಾರ. ಹಾಗಾಗಿ ತಳದಲ್ಲಿ ಕೂತಿರುತ್ತದೆ. ಕೆಳಗಿನ ಬಲ್ಬು ಕಾಯಿಸಿದಂತೆ ಮೇಣ ಕರಗಿ ಹಿಗ್ಗುತ್ತದೆ, ಹಿಗ್ಗಿದಾಗ ನೀರಿಗಿಂತ ಹಗುರವಾಗಿ ಮೇಲೇಳುತ್ತದೆ. ಮೇಲೆ ಹೋಗಿ ತಣ್ಣಗಾಗುತ್ತದೆ, ಮತ್ತೆ ಭಾರವಾಗಿ ಇಳಿಯುತ್ತದೆ. ತಳದಲ್ಲಿ ಒಂದು ತಂತಿಯ ಸುರುಳಿ ಇರುತ್ತದೆ. ಇಳಿದುಬಂದ ಉಂಡೆಗಳು ಬಿಡಿಬಿಡಿಯಾಗಿ ಉಳಿಯದೆ ಒಂದರೊಳಗೊಂದು ಕೂಡಿಕೊಳ್ಳುವುದು ಅದರ ದೆಸೆಯಿಂದ. ಇಷ್ಟೆ. ಆದರೆ ಆ 'ಒಂದು ಗುಲಗಂಜಿ'ಯ ಹದ ಸಿಗುವುದಕ್ಕೇ ಮನುಷ್ಯ ವರ್ಷಗಳನ್ನು ಕಳೆದದ್ದು. ಮೈಸೂರುಪಾಕು ಮಾಡಿದವರಿಗೆ ಗೊತ್ತು, ಹದದ ಕಷ್ಟ.

1965ರಲ್ಲಿ ಯುರೋಪಿನ ವ್ಯಾಪಾರ ಪ್ರದರ್ಶನವೊಂದರಲ್ಲಿ ಅಮೆರಿಕದ ಇಬ್ಬರು ಇದನ್ನು ಕಂಡು, ತಮ್ಮ ದೇಶದಲ್ಲಿ ಮಾಡುವ ಹಕ್ಕು ಕೊಂಡು ಚಿಕಾಗೋದಲ್ಲಿ ಕಾರ್ಖಾನೆ ಇಟ್ಟರು. ಅರವತ್ತರ ದಶಕದ ಹಿಪ್ಪಿಗಳ ಕಾಲ. ದೀಪ ಮನೆಮನೆಗೆ ಹೋಯಿತು. ಎಪ್ಪತ್ತರ ದಶಕ ಕಳೆಯುವ ಹೊತ್ತಿಗೆ ಜನ ಅದನ್ನು ಅಟ್ಟಕ್ಕೆ ಹಾಕಿದ್ದೂ ಆಯಿತು. ಆಮೇಲೆ ವಾಕರನ ಕಂಪನಿಯನ್ನು ಕ್ರೆಸಿಡಾ ಗ್ರೇಂಜರ್ ಎಂಬ ಹೆಣ್ಣುಮಗಳು ವಹಿಸಿಕೊಂಡು, 1992ರಲ್ಲಿ ಅದಕ್ಕೆ ಮ್ಯಾಥ್‌ಮಾಸ್ ಎಂದು ಹೊಸ ಹೆಸರಿಟ್ಟು ಮತ್ತೆ ನಡೆಸಿದಳು. ಹಳೆಯದು ಮತ್ತೆ ಹೊಸದಾಯಿತು. ನನ್ನ ತಮ್ಮ ಅಮೆರಿಕದ ಅಂಗಡಿಯಲ್ಲಿ ದೀಪ ಕೊಂಡದ್ದು ಈ ಎರಡನೆಯ ಸುಗ್ಗಿಯ ಕಾಲದಲ್ಲೇ.

ಮನೆಯೊಳಗೆ ಕೂತು ಸುಮ್ಮನೆ ನೋಡಿ ಸಂತೋಷಪಡುವ ಸಾಮಾನುಗಳ ಹಣೆಬರಹವೇ ಹೀಗೆಂದು ತೋರುತ್ತದೆ. ಎಲ್ಲರಿಗೂ ಬೇಕು, ಆದರೆ ಬೇಕೆಂದು ಹೇಳಿಕೊಳ್ಳಲು ನಾಚಿಕೆ. ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್ ಶನಿಗ್ರಹದ ಬಳೆಯನ್ನು ಗುರುತಿಸಿದ, ಲೋಲಕದ ಗಡಿಯಾರವನ್ನು ಮಾಡಿದ ಮಹಾ ವಿಜ್ಞಾನಿ. 1659ರಲ್ಲಿ ಆತ ದೀಪ, ಮಸೂರ, ಗಾಜಿನ ಮೇಲಿನ ಚಿತ್ರ ಇವನ್ನು ಜೋಡಿಸಿ ಗೋಡೆಯ ಮೇಲೆ ಚಿತ್ರ ಬೀಳಿಸುವ ಮಾಯಾದೀಪದ ಆಲೋಚನೆ ಮಾಡಿದ. ಅದಕ್ಕೆಂದು ಆತ ಬರೆದ ಚಿತ್ರ ಯಾವುದು ಗೊತ್ತೆ? ತನ್ನ ತಲೆಬುರುಡೆಯನ್ನು ತಾನೇ ತೆಗೆದು ಮತ್ತೆ ಇಟ್ಟುಕೊಳ್ಳುವ ಅಸ್ಥಿಪಂಜರ! ಮೂರು ವರ್ಷದ ಮೇಲೆ ಆತನ ತಂದೆ, ಫ್ರಾನ್ಸಿನ ಅರಮನೆಯವರಿಗೆ ತೋರಿಸಬೇಕು, ಒಂದು ಮಾಡಿಕೊಡು ಎಂದರು. ಹೈಗೆನ್ಸನಿಗೆ ಮರ್ಯಾದೆಯ ಪ್ರಶ್ನೆ. ಇಂಥ ಆಟಿಕೆ ನಮ್ಮ ಮನೆಯದೆಂದು ತಿಳಿದರೆ ಹೇಗೆ? ಅಪ್ಪನಿಗೆ ಇಲ್ಲವೆನ್ನಲಾರದೆ ಮಾಡಿ ಕಳಿಸಿದ. ಆದರೆ ಪ್ಯಾರಿಸ್ಸಿನಲ್ಲಿದ್ದ ತಮ್ಮನಿಗೆ ಗುಟ್ಟಾಗಿ ಕಾಗದ ಬರೆದು, ಒಂದು ಮಸೂರ ತೆಗೆದಿಟ್ಟು ಅದು ಕೆಲಸ ಮಾಡದ ಹಾಗೆ ನೋಡಿಕೋ ಎಂದ.

ಆ ದೀಪವಂತೂ ನಿಲ್ಲಲಿಲ್ಲ. ಊರೂರು ತಿರುಗಿ, ಸಮುದ್ರ ದಾಟಿ ನಮ್ಮ ದೇಶಕ್ಕೂ ಬಂತು. 1892ರಲ್ಲಿ ಮುಂಬಯಿ ಹತ್ತಿರದ ಕಲ್ಯಾಣದಲ್ಲಿ ಮಹಾದೇವ ಗೋಪಾಳ ಪಟವರ್ಧನ್ ಎಂಬವರು ಗಾಜಿನ ಮೇಲೆ ಕೈಯಲ್ಲೇ ಬಣ್ಣ ಬರೆದ ಪುರಾಣದ ಚಿತ್ರಗಳನ್ನು ಇಂಥ ದೀಪದಿಂದ ಪರದೆಯ ಮೇಲೆ ಬೀಳಿಸಿ ಕತೆ ಹೇಳುತ್ತಿದ್ದರು. ಅದಕ್ಕೆ 'ಶಾಂಬರಿಕ ಖರೋಲಿಕಾ' ಎಂದು ಹೆಸರು. ಲ್ಯುಮಿಯೇರ್ ಸೋದರರ ಸಿನಿಮಾ ಮುಂಬಯಿಗೆ ಬಂದದ್ದು 1896ರಲ್ಲಿ; ಅದಕ್ಕೂ ನಾಲ್ಕು ವರ್ಷ ಮೊದಲೇ ಕಲ್ಯಾಣದ ಜನ ಕತ್ತಲೆಯಲ್ಲಿ ಕೂತು ಬಣ್ಣದ ದೇವರುಗಳನ್ನು ನೋಡಿದ್ದರು.

ಇನ್ನು ನಮ್ಮಲ್ಲಿ ಅನೇಕರು ಚಿಕ್ಕಂದಿನಲ್ಲಿ ಒಡೆದ ಬಳೆಯ ಚೂರು ಕೂಡಿಟ್ಟು, ಮೂರು ಗಾಜಿನ ಪಟ್ಟಿ ಜೋಡಿಸಿ, ಕಾಗದ ಸುತ್ತಿ ಕೆಲಿಡೋಸ್ಕೋಪು ಮಾಡಿಕೊಂಡವರೇ. ಕಣ್ಣಿಗಿಟ್ಟು ತಿರುಗಿಸಿದರೆ ಸಂಜೆ ಕಳೆದದ್ದೇ ತಿಳಿಯುತ್ತಿರಲಿಲ್ಲ. ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ 1816ರಲ್ಲಿ ಅದನ್ನು ಕಂಡುಹಿಡಿದಾಗ ಬೆಳಕಿನ ಪ್ರತಿಫಲನದ ಬಗ್ಗೆ ಗಂಭೀರ ಪ್ರಯೋಗ ಮಾಡುತ್ತಿದ್ದ. 1817ರಲ್ಲಿ ಪೇಟೆಂಟು ಪಡೆದ. ಆದರೆ ಅಷ್ಟರಲ್ಲಿ ಮಾದರಿ ನೋಡಿದ ಲಂಡನ್ನಿನ ಕನ್ನಡಕದಂಗಡಿಯವರು ತಾವೇ ಮಾಡಿ ಮಾರತೊಡಗಿದರು. ಮೂರೇ ತಿಂಗಳಲ್ಲಿ ಲಂಡನ್ ಮತ್ತು ಪ್ಯಾರಿಸ್ಸಿನಲ್ಲಿ 2 ಲಕ್ಷದಷ್ಟು ಮಾರಾಟವಾದುವೆಂದು ಲೆಕ್ಕ. ಬ್ರೂಸ್ಟರನ ಕೈಗೆ ಹೆಚ್ಚೇನೂ ಸೇರಲಿಲ್ಲ. ನಾವು ಬಳೆಯ ಚೂರಿನಲ್ಲಿ ಮಾಡಿಕೊಂಡಾಗಲಂತೂ ಒಂದು ಕಾಸೂ ಸೇರಲಿಲ್ಲ.

ನಮ್ಮ ಷೋಕೇಸಿನ ವ್ಯೂ-ಮಾಸ್ಟರಿನ ಕತೆ ಇದಕ್ಕೆ ತದ್ವಿರುದ್ಧ. ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ವಿಲಿಯಂ ಗ್ರೂಬರ್ ಎಂಬವನು ಕಲ್ಪಿಸಿ 1939ರಲ್ಲಿ ಹೊರಬಂದ ಈ ಆಟದ ಸಾಮಾನಿನ ಒಂದು ಚಕ್ರದಲ್ಲಿ ಹದಿನಾಲ್ಕು ಪುಟ್ಟ ಚಿತ್ರಗಳು, ಎರಡು ಕಣ್ಣಿಗೆ ಎರಡರಂತೆ ಏಳು ನೋಟ. ಯುದ್ಧ ಬಂದಾಗ ಅಮೆರಿಕದ ಸೈನ್ಯ ಸಿಪಾಯಿಗಳ ತರಬೇತಿಗೆಂದು ಇದನ್ನು ರಾಶಿರಾಶಿಯಾಗಿ ಕೊಂಡಿತು. ಉಪಯೋಗ ಸಿಕ್ಕೊಡನೆ ಆಟಿಕೆಗೆ ಎಂಥ ಮರ್ಯಾದೆ ನೋಡಿ!

ನಮ್ಮ ಮೈಸೂರು ಸೀಮೆಗೆ ವಿದ್ಯುತ್ತು ಬಂದದ್ದೂ ಹೀಗೆಯೇ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಮೊದಲು ದುಡಿಮೆ, ಆಮೇಲೆ ಬೀದಿ, ಆಮೇಲೆ ಮನೆ. ಆದರೂ ದಸರೆಯಲ್ಲಿ ಮೈಸೂರಿನ ಅರಮನೆಗೆ ಸುಮಾರು 1 ಲಕ್ಷ ಬಲ್ಬು ಒಟ್ಟಿಗೆ ಹತ್ತಿಕೊಂಡಾಗ "ಇದರಿಂದ ಏನು ಉಪಯೋಗ" ಎಂದು ಕೇಳಿದವರನ್ನು ನಾನಂತೂ ಕಾಣೆ. ಅಪ್ಪನೂ ಕೇಳಲಿಲ್ಲ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದರು. ಅರಮನೆಗೆ ಸಲ್ಲುವ ಸೊಗಸು ಅಡಿಗೆಮನೆಯವಳಿಗೆ ಸಲ್ಲುವುದಿಲ್ಲವೆಂದು ಯಾರು ಕಟ್ಟು ಮಾಡಿದರೋ.

1996ರಲ್ಲಿ ಮನೆಯ ವೈರಿಂಗ್ ನೋಡಲು ಬಂದ ಹುಡುಗನೊಬ್ಬ ಷೋಕೇಸಿನಲ್ಲಿದ್ದ ದೀಪವನ್ನು ಕಂಡ. ಅಮ್ಮ ಅದರ ಕತೆ ಹೇಳಿದರಂತೆ. ಆತ ತಳ ಬಿಚ್ಚಿ ನೋಡಿ, "ಒಳಗೆ ಬರೀ ಬಲ್ಬು ತಾನೆ ಅಮ್ಮಾ? ಹೋಲ್ಡರೇ ಬದಲಾಯಿಸಿದರಾಯ್ತು" ಎಂದು ನಮ್ಮ ಹೋಲ್ಡರು ಹಾಕಿ, ನಮ್ಮದೇ 40 ಕ್ಯಾಂಡಲಿನ ಬಲ್ಬು ಸಿಕ್ಕಿಸಿ ಹೋದ. ಇಂಜಿನಿಯರನಿಗೆ ಹೊಳೆಯದ್ದು ವೈರಿಂಗಿನ ಹುಡುಗನಿಗೆ ಹೊಳೆದಿತ್ತು.

ಆದರೂ ದೀಪಕ್ಕೆ ಸುಖವಿರಲಿಲ್ಲ. ಮೇಣ ಕರಗಿ ಕುಣಿಯಲು ಒಂದು ಗಂಟೆಗೂ ಹೆಚ್ಚು ಹೊತ್ತು ಬೇಕು. ಆಗಿನ ದಿನಗಳಲ್ಲಿ ಅಷ್ಟು ಹೊತ್ತು ಕರೆಂಟು ನಿಂತರಲ್ಲವೆ? ಮೇಣ ಇನ್ನೇನು ಎದ್ದಿತೆನ್ನುವಾಗ ಊರೆಲ್ಲ ಕತ್ತಲು. ಅಪ್ಪ ಲೆಕ್ಕ ಹಾಕಿ ತೋರಿಸಿದರು: ದಿನಕ್ಕೆ ಎರಡು ಗಂಟೆಯಾದರೆ ತಿಂಗಳಿಗೆ 2.4 ಯೂನಿಟ್ಟು. "ಮಲಗುವ ಕೋಣೆಗೆ ಜೀರೋ ಬಲ್ಬು ಇದೆಯಲ್ಲ" ಎಂದರು. ಜೀರೋ ಎಂಬುದು ಹೆಸರಿಗೆ ಮಾತ್ರ, ಅದೂ ಹನ್ನೆರಡು ಹದಿನೈದು ವ್ಯಾಟ್ ತಿನ್ನುತ್ತದೆಂದು ಗಣಿತದ ಮೇಷ್ಟರಿಗೂ ಆಗ ಗೊತ್ತಿರಲಿಲ್ಲ!

ಅಪ್ಪ ತೀರಿಕೊಂಡದ್ದು 1999ರಲ್ಲಿ. ಮರುವರ್ಷ ಬೇಸಿಗೆಗೆ ನಾನು ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿದ್ದೆ. ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ನೀರು ಕುಡಿಯಲೆಂದು ಎದ್ದರೆ ನಡುಮನೆಯಲ್ಲಿ ಕೆಂಪಾದ ಮಂದ ಬೆಳಕು. ಅಪ್ಪನ ಬೆತ್ತದ ಕುರ್ಚಿಯಲ್ಲಿ ಅಮ್ಮ ಕೂತಿದ್ದರು. ಕಾಲು ಮಣೆಯ ಮೇಲೆ, ಕೈ ಮಡಿಲಲ್ಲಿ. ಕೈಯಲ್ಲಿ ಹೂವಿನ ದಾರವಿಲ್ಲ, ಸೊಪ್ಪಿಲ್ಲ, ಜಪಮಣಿಯೂ ಇಲ್ಲ. ಎದುರಿಗೆ ದೀಪದೊಳಗೆ ಮೇಣದ ಉಂಡೆಯೊಂದು ನಿಧಾನವಾಗಿ ಉದ್ದವಾಗಿ, ಕತ್ತು ಸಣ್ಣಗಾಗಿ, ಕಡಿದು ಮೇಲೆ ಹೋಯಿತು. ಅಮ್ಮನ ಮುಖವೂ ಅದರ ಜೊತೆಗೇ ಮೇಲೆದ್ದಿತು.

"ಅಮ್ಮಾ, ಇನ್ನೂ ಮಲಗಿಲ್ವಾ? ಅದನ್ನ ಆರಿಸಬಾರದಾ, ಸುಮ್ಮನೆ ಯಾಕೆ?" ಎಂದೆ. ನನ್ನ ಬಾಯಲ್ಲಿ ಅಪ್ಪನ ದನಿಯೇ ಬಂದಿತ್ತು.

"ಆರಿಸ್ತೀನಿ ಕಣೆ" ಎಂದರು. ಆರಿಸಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ನಿಮ್ಮಪ್ಪ ಹೋದಾಗಿನಿಂದ ಬಂದವರೆಲ್ಲ ಏನಾದರೂ ಕೆಲಸ ಹಚ್ಚಿಕೋ, ಮನಸ್ಸು ತಿಳಿಯಾಗುತ್ತೆ ಅಂತಾರೆ. ಹದಿನೇಳು ವರ್ಷಕ್ಕೆ ಈ ಮನೆಗೆ ಬಂದೆ, ಕೆಲಸ ಬಿಟ್ಟು ಬೇರೆ ಏನು ಮಾಡಿದೀನಿ ಹೇಳು. ಇದೊಂದೇ ನೋಡು, ನನ್ನಿಂದ ಏನೂ ಕೇಳಲ್ಲ."

ನಾನು ನೀರು ಕುಡಿಯುವುದನ್ನೂ ಮರೆತು ನೆಲದ ಮೇಲೆ ಕೂತೆ. ಮನಸ್ಸು ಒಂದು ಪಟ್ಟಿ ಮಾಡತೊಡಗಿತು. ಅಮ್ಮನ ಮದುವೆಗೆ ತವರಿನವರು ಕೊಟ್ಟದ್ದು ಹಿತ್ತಾಳೆ ಕೊಳಗ, ಕಂಚಿನ ಬೋಗುಣಿ. ಅಪ್ಪನಿಗೆ ಬಡ್ತಿ ಬಂದಾಗ ಅಮ್ಮನಿಗೆ ಬಂದದ್ದು ಪ್ರೆಷರ್ ಕುಕ್ಕರು. ತಮ್ಮನ ಮೊದಲ ಸಂಬಳದಲ್ಲಿ ಮಿಕ್ಸಿ. ನಾನೇನು ಕೊಟ್ಟೆ? ಹಿಂದಿನ ವರ್ಷವಷ್ಟೇ, ಕೂಡಿಟ್ಟ ದುಡ್ಡಿನಲ್ಲಿ ಹೆಮ್ಮೆಯಿಂದ ಟೇಬಲ್‌ಟಾಪ್ ಗ್ರೈಂಡರು ಕೊಡಿಸಿದ್ದೆ. "ತುಂಬ ಉಪಯೋಗ ಆಗುತ್ತಮ್ಮಾ" ಎಂದಿದ್ದೆ. ಅಮ್ಮ "ಚೆನ್ನಾಗಿದೆ" ಎಂದು ಮಾರನೆಯ ದಿನವೇ ಹಿಟ್ಟು ರುಬ್ಬಿ ನಮಗೆಲ್ಲ ದೋಸೆ ಹಾಕಿಕೊಟ್ಟಿದ್ದರು. ಅಮ್ಮನಿಗೆಂದು ನಾನು ಕೊಟ್ಟದ್ದು ನಮ್ಮ ಹೊಟ್ಟೆಗೇ ಬಂದಿತ್ತು. ಆಕೆಗೆಂದು, ಆಕೆಯ ಕಣ್ಣಿಗೆಂದು ಬಂದ ಒಂದೇ ಒಂದು ಸಾಮಾನು ಎದುರಿಗೆ ಉರಿಯುತ್ತಿತ್ತು. ಅದನ್ನು ಆರಿಸು ಎಂದು ಹೇಳಲು ನಾನು ನಿದ್ದೆಯಿಂದ ಎದ್ದು ಬಂದಿದ್ದೆ.

ಆ ರಾತ್ರಿ ನಾವಿಬ್ಬರೂ ಬಹಳ ಹೊತ್ತು ಕೂತಿದ್ದೆವು. ಹೆಚ್ಚು ಮಾತಾಡಲಿಲ್ಲ.

ಅಮ್ಮ 2011ರಲ್ಲಿ ಹೋದರು. ಪಾತ್ರೆಗಳನ್ನು ಹಂಚಿಕೊಳ್ಳುವಾಗ ನಾನು ದೀಪವನ್ನು ಕೇಳಿದೆ. ಯಾರೂ ಬೇಡವೆನ್ನಲಿಲ್ಲ, ಬೇಕೆಂದವರೂ ಇರಲಿಲ್ಲ. ಈಗ ಅದು ನನ್ನ ಮನೆಯಲ್ಲಿದೆ. ನೀಲಿ ನೀರು ಸ್ವಲ್ಪ ಮಸುಕಾಗಿದೆ, ಮೇಣದ ಕೆಂಪು ಮಾಸಿದೆ, ಆದರೂ ಏಳುತ್ತದೆ.

ಇತ್ತೀಚೆಗೆ ಮಗ ಒಂದು ಸುದ್ದಿ ಹೇಳಿದ. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಕ್ಲೌಡ್‌ಫ್ಲೇರ್ ಎಂಬ ಕಂಪನಿಯವರು ಒಂದು ಗೋಡೆಯ ತುಂಬ ಸುಮಾರು ನೂರು ಲಾವಾ ದೀಪಗಳನ್ನು ಸಾಲಾಗಿಟ್ಟಿದ್ದಾರೆ. ಎದುರಿಗೆ ಕ್ಯಾಮರಾ. ಮೇಣದ ಉಂಡೆ ಯಾವ ಕ್ಷಣದಲ್ಲಿ ಯಾವ ಆಕಾರ ತಾಳುತ್ತದೆಂದು ಬ್ರಹ್ಮನಿಗೂ ಹೇಳಲಾಗದು. ಆ ಚಿತ್ರಗಳಿಂದ ಯಾರೂ ಊಹಿಸಲಾಗದ ಅಂಕಿಗಳನ್ನು ಹುಟ್ಟಿಸಿ, ಇಂಟರ್‌ನೆಟ್ಟಿನಲ್ಲಿ ಗುಟ್ಟು ಕಾಪಾಡುವ ಬೀಗದ ಕೈಗಳನ್ನು ಮಾಡಲು ಬಳಸುತ್ತಾರಂತೆ. ಅಪ್ಪ ಇದ್ದಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ. ಕೇಳಿದ ಪ್ರಶ್ನೆಗೆ ಕೊನೆಗೂ ಉತ್ತರ ಬಂತು, ಅದೂ ಗಣಿತದ ರೂಪದಲ್ಲಿ! ನನಗೆ ಮಾತ್ರ, ಪಾಪ, ಅದನ್ನೂ ಕೆಲಸಕ್ಕೆ ಹಚ್ಚಿಬಿಟ್ಟರಲ್ಲ ಎನ್ನಿಸಿತು.

ಹೋದ ತಿಂಗಳು ದೀಪದ ಬಲ್ಬು ಹೋಯಿತು. ಸೊಸೆ ಎಲ್‌ಇಡಿ ತಂದು ಹಾಕಿದಳು. ಬೆಳಕೇನೋ ಬಂತು, ಮೇಣ ಅಲ್ಲಾಡಲಿಲ್ಲ. ಎಲ್‌ಇಡಿ ಜಾಣ ಬಲ್ಬು. ಕರೆಂಟನ್ನು ಬಿಸಿಯಾಗಿ ಪೋಲು ಮಾಡುವುದು ಬಹಳ ಕಡಿಮೆ. ಹಳೆಯ ಗುಂಡು ಬಲ್ಬು ತಿಂದ ಕರೆಂಟಿನ ಬಹುಪಾಲನ್ನು ಬಿಸಿಯಾಗಿಯೇ ಬಿಡುತ್ತಿತ್ತು. ನಮ್ಮ ದೀಪ ಬದುಕಿದ್ದು ಆ ಪೋಲಿನ ಮೇಲೆಯೇ. ಚೀಲ ಹಿಡಿದು ಪೇಟೆಗೆ ಹೋದೆ. ಮೂರು ಅಂಗಡಿಯಲ್ಲಿ ಇಲ್ಲವೆಂದರು. ನಾಲ್ಕನೆಯವನು ಏಣಿ ಹತ್ತಿ ಮೇಲಿನ ಅಟ್ಟಣಿಗೆಯಿಂದ ಧೂಳು ಹಿಡಿದ ಎರಡು 40ರ ಬಲ್ಬು ಇಳಿಸಿ, ಒರೆಸುತ್ತ ಕೇಳಿದ:

"ಈಗ ಇದನ್ನ ಯಾರೂ ಕೇಳಲ್ಲಮ್ಮಾ. ಕೋಳಿಮರಿ ಬೆಚ್ಚಗಿಡೋಕಾ?"

"ಅಲ್ಲಪ್ಪ."

"ಮತ್ತೇನಕ್ಕೆ?"

"ಏನಕ್ಕೂ ಇಲ್ಲ" ಎಂದೆ. "ಎರಡೂ ಕೊಡು."